ಇಳಿಸುವ ಗುಳಿಗೆ, ಏರಿಸುವ ಸೂಜಿ

ಬೆಲ್ಲದ ಬಾಗೇವಾಡಿಯಲ್ಲಿ ಕೇಳಿ, ಹುಕ್ಕೇರಿ, ಗೋಕಾಕ, ಮೂಡಲಗಿಯ ಪೇಟೆಯಲ್ಲಿ ಕೇಳಿ, “ಅವರಿಗೆ ಬಿಪಿ ಐತಿ” ಅಂದರೆ ಅರ್ಥ ಒಂದೇ. ರಕ್ತದೊತ್ತಡ ಏರಿದೆ, ದಿನಾ ಗುಳಿಗೆ ನುಂಗುತ್ತಾರೆ. ಬಿಪಿ ಇಳಿದರೂ ಪ್ರಾಣಕ್ಕೆ ಕುತ್ತು ಬರಬಹುದು ಎಂಬ ಮಾತು ಕಟ್ಟೆಯ ಮೇಲೆ ಬರುವುದೇ ಇಲ್ಲ. ಆದರೆ ಇದೇ ಊರಿನವರು ಬಾಯಿ ಕ್ಯಾನ್ಸರಿನ ದೊಡ್ಡ ಆಪರೇಷನ್ನಿಗೆ ಒಳಗೆ ಹೋದರೆ, ಮುಂದಿನ ಎಂಟು ಹತ್ತು ತಾಸು ಅರಿವಳಿಕೆ ವೈದ್ಯರು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಬಿಪಿ ಏರೀತು ಎಂಬ ಭಯಕ್ಕಲ್ಲ, ಬಿದ್ದೀತು ಎಂಬ ಭಯಕ್ಕೆ. ಬಿದ್ದಾಗ ಅದನ್ನು ಎತ್ತಲು ಔಷಧ ಕೊಡಬೇಕೋ ಬೇಡವೋ ಎಂಬುದು ಬಹಳ ವರ್ಷ ಆಪರೇಷನ್ ಥಿಯೇಟರಿನ, ಅಂದರೆ ಓಟಿಯೊಳಗಿನ ಜಗಳವಾಗಿತ್ತು. ಕಳೆದ ಹದಿನೈದು ವರ್ಷಗಳಲ್ಲಿ ಆ ಜಗಳ ಹೆಚ್ಚುಕಡಿಮೆ ತೀರಿದೆ. ಅದು ತೀರಿದ ಬಗೆಯನ್ನೂ ತೀರದೆ ಉಳಿದ ಬಾಕಿಯನ್ನೂ ಲೆಕ್ಕ ಹಾಕುವ ಹೊತ್ತು ಈಗ ಬಂದಿದೆ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದ್ದಾರೆ. ಮೊದಲೆಲ್ಲ ಇಂಥ ಕಾಯಿಲೆ ಎಂದರೆ ಮಿರಜ, ಹುಬ್ಬಳ್ಳಿಯ ನವನಗರ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಎಂದು ಗಂಟು ಕಟ್ಟುತ್ತಿದ್ದ ನಮ್ಮ ಜನರಿಗೆ ಓಟಿಯ ಬಾಗಿಲು ಮನೆಗೆ ಹತ್ತಿರವಾಗಿದೆ.

ಬಾಯಿ ಕ್ಯಾನ್ಸರು ನಮ್ಮ ಭಾಗಕ್ಕೆ ಹೊರಗಿನಿಂದ ಬಂದ ಅತಿಥಿಯಲ್ಲ. ಪಕ್ಕದ ನಿಪ್ಪಾಣಿಯ ಕಪ್ಪು ನೆಲ ಬೀಡಿ ತಂಬಾಕಿಗೆ ಹೆಸರಾದದ್ದು. 1981ರಲ್ಲಿ ಅಲ್ಲಿನ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಗೆ ಇಳಿದದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಬೀಡಿ ಕಟ್ಟುವ ಕೈಗಳು, ಕಬ್ಬು ಕಡಿಯುವವರ ಸೊಂಟದ ಚೀಲದಲ್ಲಿ ಸುಣ್ಣದ ಡಬ್ಬಿ, ಬೆಳಿಗ್ಗೆ ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕುವ ಅವ್ವಂದಿರು, ಇವೆಲ್ಲ ನಿತ್ಯದ ನೋಟ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 22.8ರಷ್ಟು ವಯಸ್ಕರು ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಹೊಗೆ ಬಿಡುವವರಿಗಿಂತ ಅಗಿಯುವವರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿ. ಅಗಿಯುವ ತಂಬಾಕು ಕೂರುವ ಜಾಗ ಗಲ್ಲ ಮತ್ತು ಒಸಡಿನ ನಡುವಿನ ಸಂದು. ನಮ್ಮ ದೇಶದ ಬಾಯಿ ಕ್ಯಾನ್ಸರು ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಮೊದಲು ಬಿಳಿ ಮಚ್ಚೆ ಅಥವಾ ಬಾಯಿ ಬಿಗಿತ, ಆಮೇಲೆ ಮಾಯದ ಹುಣ್ಣು, ಕೊನೆಗೆ ದವಡೆಯ ಎಲುಬು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 43 ಸಾವಿರ ಮಂದಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರು ಹೊಸದಾಗಿ ಕಾಣಿಸಿಕೊಳ್ಳುತ್ತದೆ.

ಗಡ್ಡೆಯ ಜತೆಗೆ ಗಲ್ಲದ ಒಳಪದರ, ದವಡೆ, ಕೆಲವೊಮ್ಮೆ ಹೊರಚರ್ಮವೂ ಹೋಗುತ್ತದೆ. ಆ ಗುಂಡಿಯನ್ನು ತುಂಬದಿದ್ದರೆ ಉಣ್ಣಲಾಗದು, ನುಡಿಯಲಾಗದು, ಜೊಲ್ಲು ಹಿಡಿಯಲಾಗದು. ಹಾಗಾಗಿ ಕತ್ತರಿಸುವವರಷ್ಟೇ ಮುಖ್ಯರು ಕಟ್ಟುವವರು. ಈ ಕಟ್ಟುವ ವಿದ್ಯೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆ ಕವಾಸ್ಜಿ ಎಂಬ ಎತ್ತಿನ ಗಾಡಿಯವನ ಕಥೆ ಅಚ್ಚು ಹಾಕಿತ್ತು. ಇಂಗ್ಲಿಷರ ಸೈನ್ಯದಲ್ಲಿದ್ದವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆಯ ದೇಶೀ ಕುಶಲಕರ್ಮಿಯೊಬ್ಬ ಹಣೆಯ ಚರ್ಮವನ್ನು ಬುಡ ಬಿಡಿಸದೆ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. ಬುಡ ಬಿಡಿಸದಿರುವುದರಲ್ಲೇ ಎಲ್ಲ ಗುಟ್ಟು ಇತ್ತು, ಯಾಕೆಂದರೆ ರಕ್ತ ಬರುವ ದಾರಿ ಅದೇ. 1979ರಲ್ಲಿ ಅಮೆರಿಕದ ಸ್ಟೀಫನ್ ಆರಿಯನ್ ಎದೆಯ ಸ್ನಾಯುವನ್ನು ಅದರ ರಕ್ತನಾಳದ ಸಮೇತ ಕುತ್ತಿಗೆಯ ಮೇಲಿಂದ ಬಾಯಿಗೆ ತರುವ ವಿಧಾನವನ್ನು ವರದಿ ಮಾಡಿದಾಗಲೂ ತತ್ವ ಇದೇ ಆಗಿತ್ತು. ಸೂಕ್ಷ್ಮದರ್ಶಕ ಬೇಡ, ಕಡಿಮೆ ತಾಸು, ಕಡಿಮೆ ಖರ್ಚು. ಹೀಗಾಗಿ ಭಾರತದ ಬಹುತೇಕ ಕ್ಯಾನ್ಸರ್ ಆಸ್ಪತ್ರೆಗಳ ನೊಗ ಹೊತ್ತದ್ದು ಈ ಎದೆಯ ಫ್ಲಾಪೇ, ಅಂದರೆ ರಕ್ತನಾಳದ ಸಮೇತ ಸರಿಸಿದ ಮಾಂಸದ ತುಂಡೇ. ಇಂದಿಗೂ ಹೊರುತ್ತಿದೆ.

ಇನ್ನೊಂದು ದಾರಿ, ಬುಡವನ್ನೇ ಕತ್ತರಿಸಿ ಬೇರೆಡೆ ನೆಡುವುದು. 1973ರಲ್ಲಿ ಡೇನಿಯಲ್ ಮತ್ತು ಟೇಲರ್ ಎಂಬವರು ಹೀಗೆ ಚರ್ಮದ ತುಂಡೊಂದನ್ನು ದೂರಕ್ಕೆ ಒಯ್ದು ರಕ್ತನಾಳ ಹೊಲಿದರು. ಚೀನಾದ ವೈದ್ಯರು ಮುಂಗೈ ಚರ್ಮವನ್ನು ಬಳಕೆಗೆ ತಂದರು, 1984ರಲ್ಲಿ ತೊಡೆಯ ಫ್ಲಾಪ್ ಬಂತು, 1989ರಲ್ಲಿ ಡೇವಿಡ್ ಹಿಡಾಲ್ಗೊ ಕಾಲಿನ ಸಣ್ಣ ಎಲುಬಾದ ಫಿಬ್ಯುಲಾದಿಂದ ದವಡೆ ಕಟ್ಟಿ ತೋರಿಸಿದರು. ಓಟಿಯಲ್ಲಿ ಇದನ್ನು ನೋಡಬೇಕು. ಕುತ್ತಿಗೆಯಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ ಅಪಧಮನಿ, ಪಕ್ಕದಲ್ಲಿ ತೆಳ್ಳಗಿನ ಅಭಿಧಮನಿ. ಕೂದಲಿಗಿಂತ ಸಣ್ಣ ನೂಲಿನಲ್ಲಿ ಸುತ್ತಲೂ ಎಂಟು ಹತ್ತು ಹೊಲಿಗೆ. ಕ್ಲಾಂಪ್ ಬಿಟ್ಟ ಗಳಿಗೆಯಲ್ಲಿ ಎಲ್ಲರ ಕಣ್ಣು ಆ ಬಿಳಿಚಿದ ತುಂಡಿನ ಮೇಲೆ. ರಕ್ತ ನುಗ್ಗಿದರೆ ಅಂಚಿನಲ್ಲಿ ಕೆಂಪು ಹನಿ ಒಸರುತ್ತದೆ, ಬಣ್ಣ ತಿರುಗುತ್ತದೆ. ಸರಿಯಾಗಿ ಆ ಹೊತ್ತಿಗೇ ಮಾನಿಟರಿನಲ್ಲಿ ಬಿಪಿ 80ರ ಆಸುಪಾಸಿಗೆ ಇಳಿದಿರುತ್ತದೆ.

ಯಾಕೆ ಇಳಿಯುತ್ತದೆ? ಅರಿವಳಿಕೆಯ ಪ್ರೊಪೊಫಾಲ್, ಸೆವೊಫ್ಲುರೇನ್ ರಕ್ತನಾಳಗಳನ್ನು ಸಡಿಲಿಸುತ್ತವೆ. ಆಪರೇಷನ್ನಿನ ಮೊದಲರ್ಧದಲ್ಲಿ ಕುತ್ತಿಗೆಯ ಗಂಟುಗಳನ್ನು ತೆಗೆಯುವಾಗ ದೊಡ್ಡ ಶೀರ್ಷನಾಳದ ಕವಲಿಗೆ ಕೈ ತಾಗಿದರೆ ನಾಡಿ ನಿಧಾನವಾಗಿ ಬಿಪಿ ಕುಸಿಯುತ್ತದೆ. ಆಮೇಲಿನ ಸೂಕ್ಷ್ಮ ಹೊಲಿಗೆಯ ತಾಸುಗಳಲ್ಲಿ ನೋವಿನ ಪ್ರಚೋದನೆಯೇ ಇರುವುದಿಲ್ಲ, ಅರಿವಳಿಕೆ ಮಾತ್ರ ಹಾಗೇ ನಡೆದಿರುತ್ತದೆ. ಇಂಥ ಹೊತ್ತಿನಲ್ಲಿ ಬೇರೆ ಯಾವುದೇ ಆಪರೇಷನ್ನಾದರೂ ಅರಿವಳಿಕೆ ವೈದ್ಯರು ಮೆಫೆಂಟರ್ಮಿನ್, ಎಫೆಡ್ರಿನ್, ಫೀನೈಲೆಫ್ರಿನ್ ಅಥವಾ ನಾರ್‌ಅಡ್ರಿನಲಿನ್ ಎಂಬ ಸೂಜಿಮದ್ದನ್ನು ಯೋಚಿಸದೆ ಕೊಡುತ್ತಾರೆ. ಫ್ಲಾಪ್ ಇರುವ ಟೇಬಲ್ಲಿನಲ್ಲಿ ಮಾತ್ರ ಸರ್ಜನ್ ತಲೆ ಎತ್ತದೆಯೇ ಬೇಡ ಎನ್ನುತ್ತಿದ್ದರು.

ಅವರ ಭಯ ಹುರುಳಿಲ್ಲದ್ದಾಗಿರಲಿಲ್ಲ. ಈ ಔಷಧಗಳು ಬಿಪಿ ಏರಿಸುವುದೇ ರಕ್ತನಾಳ ಬಿಗಿದು. ನರ ಕತ್ತರಿಸಿದ ರಕ್ತನಾಳ ಅಂಥ ರಾಸಾಯನಿಕಕ್ಕೆ ಹೆಚ್ಚು ಚುರುಕಾಗಿ ಸ್ಪಂದಿಸುತ್ತದೆ ಎಂಬ ತರ್ಕವೂ ಇತ್ತು. ಎರಡು ಮಿಲಿಮೀಟರಿನ ಕೊಳವೆ, ಈಗ ತಾನೇ ಹೊಲಿದದ್ದು, ಅದು ಬಿಗಿದರೆ ರಕ್ತ ಹೆಪ್ಪುಗಟ್ಟಿ ಇಡೀ ದವಡೆ ಕಪ್ಪಾದೀತು. ಆದ್ದರಿಂದ ಬಿಪಿ ಬಿದ್ದರೆ ಸಲೈನ್ ಓಡಿಸಿ, ಇನ್ನೂ ಬಿದ್ದರೆ ಇನ್ನೊಂದು ಬಾಟಲಿ ಏರಿಸಿ ಎಂಬುದು ನಿಯಮವಾಯಿತು. ಪುಸ್ತಕದಲ್ಲಿ ಓದಿದ್ದಕ್ಕಿಂತ ಗುರುವಿನ ಬಾಯಿಂದ ಶಿಷ್ಯನಿಗೆ ದಾಟಿದ ನಿಯಮ ಅದು. ವೈದ್ಯಕೀಯದಲ್ಲಿ ಇಂಥವು ಬಹಳ ಗಟ್ಟಿ ಆಯುಷ್ಯದವು.

ತರ್ಕದಲ್ಲಿ ಎಲ್ಲಿ ಕೊರತೆ ಇತ್ತು ಎಂಬುದು ಹಿಡಕಲ್ ಜಲಾಶಯದ ಕೆಳಗಿನ ರೈತರಿಗೆ ಸುಲಭವಾಗಿ ತಿಳಿಯುತ್ತದೆ. ಘಟಪ್ರಭಾ ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ಬಾರದಿದ್ದರೆ ತೂಬು ಕಿರಿದಾಯಿತು ಎಂದು ಯಾರೂ ಮೊದಲು ದೂರುವುದಿಲ್ಲ. ಮೇಲೆ ಕಾಲುವೆಯಲ್ಲಿ ನೀರಿನ ಮಟ್ಟವೇ ಇಲ್ಲ ಎಂದು ದೂರುತ್ತಾರೆ. ತೂಬು ಸ್ವಲ್ಪ ಕಿರಿದಾದರೂ ಚಿಂತೆಯಿಲ್ಲ, ಮುಖ್ಯ ಕಾಲುವೆ ತುಂಬಿ ಹರಿದರೆ ಕೊನೆಯ ಹೊಲಕ್ಕೂ ನೀರು ಮುಟ್ಟುತ್ತದೆ. ಫ್ಲಾಪ್ ಎಂದರೆ ಆ ಕೊನೆಯ ಹೊಲ.

ಇದನ್ನು ಮೊದಲು ಸೂಚಿಸಿದವುಗಳಲ್ಲಿ ಹಂದಿಗಳ ಮೇಲಿನ ಪ್ರಯೋಗಗಳೂ ಸೇರಿವೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಕ್ತನಾಳ ಹಿಗ್ಗಿಸುವ ನೈಟ್ರೊಪ್ರಸೈಡ್ ಕೊಟ್ಟಾಗ ಫ್ಲಾಪಿನ ರಕ್ತಹರಿವು ತೀರಾ ಕುಗ್ಗಿತು. ಬಿಗಿಯುವ ಫೀನೈಲೆಫ್ರಿನ್ ಕೊಟ್ಟಾಗ ಹಾನಿ ಕಾಣಲಿಲ್ಲ. ಹಿಗ್ಗಿಸಿದರೆ ಒಳ್ಳೆಯದು, ಬಿಗಿದರೆ ಕೆಟ್ಟದ್ದು ಎಂಬ ಸರಳ ನಂಬಿಕೆಗೆ ಇದು ತಿರುಗುಬಾಣ. ಹಿಗ್ಗಿಸಿದ ಔಷಧ ಮೈಯ ಬೇರೆ ಭಾಗಗಳಿಗೆ ರಕ್ತ ಹಂಚಿ ಫ್ಲಾಪನ್ನು ಒಣಗಿಸಿತ್ತು. 2011ರಲ್ಲಿ ಅಮೆರಿಕದ ಓರೆಗಾನ್‌ನ ವೈದ್ಯರು, 2012ರಲ್ಲಿ ಟೊರಾಂಟೊದವರು ಮುಖ ಮತ್ತು ಕುತ್ತಿಗೆಯ ಫ್ಲಾಪ್ ರೋಗಿಗಳ ಲೆಕ್ಕ ಮುಂದಿಟ್ಟರು. ಬಿಪಿ ಏರಿಸುವ ಔಷಧ ಪಡೆದವರಲ್ಲೂ ಪಡೆಯದವರಲ್ಲೂ ಫ್ಲಾಪ್ ಕೆಡುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇನ್ನೊಂದು ಸ್ವಾರಸ್ಯವೂ ಬೆಳಕಿಗೆ ಬಂತು. ಟೊರಾಂಟೊದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಆ ಔಷಧ ಆಗಲೇ ಹೋಗಿತ್ತು. ಬಾಯಲ್ಲಿ ಬೇಡ ಎನ್ನುತ್ತಿದ್ದ ಕಾಲದಲ್ಲೇ ಪರದೆಯ ಆಚೆಯಿಂದ ಸಿರಿಂಜು ತನ್ನ ಕೆಲಸ ಮಾಡಿತ್ತು, ಫ್ಲಾಪುಗಳು ಬದುಕಿದ್ದವು.

2012ರಲ್ಲೇ ಆಕ್ಸ್‌ಫರ್ಡಿನ ತಂಡವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುಖ ಮತ್ತು ಕುತ್ತಿಗೆಗೆ ಫ್ಲಾಪ್ ಕೂಡಿಸಿದ ಸಣ್ಣ ಗುಂಪೊಂದಕ್ಕೆ ನಾಲ್ಕು ಔಷಧಗಳನ್ನು ಸರದಿಯಂತೆ ಕೊಟ್ಟು ಫ್ಲಾಪಿನ ಚರ್ಮದ ರಕ್ತಹರಿವನ್ನು ಅಳೆಯಿತು. ಹೆಚ್ಚು ಹರಿವು ತಂದದ್ದು ನಾರ್‌ಅಡ್ರಿನಲಿನ್, ಅದರ ಹಿಂದೆ ಡೋಬುಟಮಿನ್. ಅಡ್ರಿನಲಿನ್ ಮತ್ತು ಡೋಪೆಕ್ಸಮಿನ್ ಹರಿವನ್ನು ಕಡಿಮೆ ಮಾಡಿದವು. 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ನರಗಳ ಸಂದೇಶವಾಹಕವೆಂದು ಗುರುತಿಸಿದ ನಾರ್‌ಅಡ್ರಿನಲಿನ್ ಹೀಗೆ ಫ್ಲಾಪಿನ ವೈರಿ ಎಂಬ ಪಟ್ಟಿಯಿಂದ ಆಚೆ ಬಂತು.

ಹಾಗೆಂದು ಇದನ್ನು ಗೆದ್ದವರ ಕಥೆಯಾಗಿ ಓದಬಾರದು. ಇವುಗಳಲ್ಲಿ ಹೆಚ್ಚಿನವು ಹಿಂದಿನ ಕೇಸುಗಳನ್ನು ತಿರುವಿ ನೋಡಿದ ಅಧ್ಯಯನಗಳು. ಯಾರಿಗೆ ಔಷಧ ಕೊಡಬೇಕೆಂದು ಚೀಟಿ ಎತ್ತಿ ನಿರ್ಧರಿಸಿದವಲ್ಲ. ರಕ್ತ ಸೋರಿಯೇ ಬಿಪಿ ಬಿದ್ದಿದ್ದರೆ ಸೂಜಿಮದ್ದು ಅಂಕಿಯನ್ನು ಮಾತ್ರ ಚೆಂದ ಮಾಡುತ್ತದೆ, ಒಳಗಿನ ಖಾಲಿತನವನ್ನು ಮುಚ್ಚಿಡುತ್ತದೆ. ಮೊದಲು ರಕ್ತ, ನೀರು ಸರಿಯಿದೆಯೇ ನೋಡಿ, ಆಮೇಲೆ ಹದವಾದ ಪ್ರಮಾಣದಲ್ಲಿ ಔಷಧ ಕೊಡುವುದು ಈಗಿನ ಕ್ರಮ. ಫ್ಲಾಪ್ ಕೆಟ್ಟರೆ ಕಾರಣ ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲಿ ಸಿಗುತ್ತದೆ. ಅಭಿಧಮನಿಯಲ್ಲಿ ಹೆಪ್ಪು, ನಾಳ ತಿರುಚಿದ್ದು, ಅಡಿಯಲ್ಲಿ ರಕ್ತ ತುಂಬಿ ಒತ್ತಿದ್ದು. ಅದಕ್ಕೇ ವಾರ್ಡಿನ ಸಿಸ್ಟರು ತಾಸಿಗೊಮ್ಮೆ ಬಂದು ಸೂಜಿಯಿಂದ ಆ ಮಾಂಸವನ್ನು ಚುಚ್ಚಿ ನೋಡುತ್ತಾರೆ. ಹೊಳೆಯುವ ಕೆಂಪು ಹನಿ ನಿಧಾನಕ್ಕೆ ಬಂದರೆ ಸರಿ. ಕಪ್ಪು ರಕ್ತ ಭರ್ರನೆ ಬಂದರೆ ನಡುರಾತ್ರಿಯಾದರೂ ಓಟಿಯ ದೀಪ ಹತ್ತುತ್ತದೆ.

ನನ್ನ ದೃಷ್ಟಿಯಲ್ಲಿ ಈ ಜಗಳ ತೀರಿದ್ದರ ದೊಡ್ಡ ಲಾಭ ಫ್ಲಾಪಿಗಿಂತ ಹೆಚ್ಚಾಗಿ ರೋಗಿಯ ಶ್ವಾಸಕೋಶಕ್ಕೆ ದಕ್ಕಿದೆ. ಔಷಧ ಬೇಡ, ಸಲೈನ್ ಕೊಡಿ ಎಂಬ ಹಳೆಯ ನಿಯಮದ ಬೆಲೆ ತೆತ್ತದ್ದು ಅದು. ಏಳು ಲೀಟರಿಗಿಂತ ಹೆಚ್ಚು ದ್ರವ ಹೋದವರಲ್ಲಿ ತೊಡಕುಗಳು ಹೆಚ್ಚು ಎಂದು 2001ರಷ್ಟು ಹಿಂದೆಯೇ ಒಂದು ಅಮೆರಿಕನ್ ವರದಿ ಎಚ್ಚರಿಸಿತ್ತು. ಮುಖ ಬಾತು, ಪುಪ್ಪುಸಕ್ಕೆ ನೀರು ನುಗ್ಗಿ, ಕೂಡಿಸಿದ ಮಾಂಸವೇ ಊದಿ ತನ್ನ ಅಭಿಧಮನಿಯನ್ನು ತಾನೇ ಒತ್ತಿಕೊಳ್ಳುತ್ತಿತ್ತು. ನಲವತ್ತು ವರ್ಷ ಬೀಡಿ ಸೇದಿದ ಎದೆಗೆ ಇದು ಇನ್ನೂ ಭಾರ. ಫ್ಲಾಪನ್ನು ಕಾಪಾಡಲು ಹೊರಟ ನಿಯಮ ಫ್ಲಾಪನ್ನೂ ಅದರ ಒಡೆಯನನ್ನೂ ನೀರಿನಲ್ಲಿ ಮುಳುಗಿಸಿತ್ತು. 2017ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಮುಖ ಮತ್ತು ಕುತ್ತಿಗೆಯ ಫ್ಲಾಪ್ ರೋಗಿಗಳಿಗೆ ದ್ರವವನ್ನು ಅಳೆದು ತೂಗಿ ಕೊಡಬೇಕೆಂದು ಹೇಳಿತು. ಐಸಿಯುವಿನ ಒಂದು ದಿನ ಉಳಿದರೂ ನಮ್ಮ ಭಾಗದ ಕುಟುಂಬಕ್ಕೆ ಅದು ಸಣ್ಣ ಉಳಿತಾಯವಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ಇದೆ ನಿಜ. ಆದರೆ ಆಸ್ಪತ್ರೆಯ ಹೊರಗೆ ಮಲಗುವ ಮಗನ ಊಟ, ಬಿಟ್ಟ ಕೂಲಿ, ಗಾಡಿ ಬಾಡಿಗೆ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಫ್ಲಾಪ್ ಕೆಟ್ಟರೆ ಇನ್ನೊಂದು ಆಪರೇಷನ್ನು. ಸುಮಾರು ಆರು ವಾರದೊಳಗೆ ಶುರುವಾಗಬೇಕಾದ ವಿಕಿರಣ ಚಿಕಿತ್ಸೆಯೂ ಹಿಂದೆ ಬೀಳುತ್ತದೆ. ಕ್ಯಾನ್ಸರಿಗೆ ಅಷ್ಟು ಸಮಯ ಸಿಕ್ಕರೆ ಸಾಕು.

ಓಟಿಯೊಳಗಿನ ಬಾಬತ್ತು ಇಲ್ಲಿಗೆ ಮುಗಿಯಿತು ಅನ್ನೋಣ. ಬಾಕಿ ಇರುವುದು ಹೊರಗೆ, ಪ್ಲಾಸ್ಟಿಕ್ ಚೀಲದಲ್ಲಿ.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ವೈದ್ಯರು ಹಾಸಿಗೆಯ ಬಳಿ ಬರುತ್ತಾರೆ.

“ಬಿಪಿ ಗುಳಿಗಿ ಯಾವ್ದು ತಗೋತೀರಿ, ಅಜ್ಜಾರ?”

“ಬಿಳೀದ ಐತ್ರೀ ಸಾಹೇಬ್ರ. ಸಣ್ಣದು.”

ಸೊಸೆ ಚೀಲ ಬಿಚ್ಚುತ್ತಾಳೆ. ಮೆಡಿಕಲ್ ಅಂಗಡಿಯವರು ಅರ್ಧ ಸ್ಟ್ರಿಪ್ ಕತ್ತರಿಸಿ ಕೊಟ್ಟಿರುತ್ತಾರೆ, ಹೆಸರು ಇನ್ನರ್ಧದ ಜತೆ ಅಂಗಡಿಯಲ್ಲೇ ಉಳಿದಿರುತ್ತದೆ. ಉಳಿದದ್ದು ಬೆಳ್ಳಿ ಹಾಳೆಯ ಮೇಲೆ ಮೂರು ಅಕ್ಷರ ಮತ್ತು ಒಂದು ಅಂಕಿ. ಅದು ಆಮ್ಲೋಡಿಪಿನ್ನೋ, ಟೆಲ್ಮಿಸಾರ್ಟನ್ನೋ, ಅಟೆನೊಲಾಲೋ? ವ್ಯತ್ಯಾಸ ಸಣ್ಣದಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಗುಳಿಗೆಯನ್ನು ಮೊದಲಿಂದ ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸುವಂತಿಲ್ಲ, ಹೃದಯ ಮುನಿಯುತ್ತದೆ. ನುಂಗದೇ ಇದ್ದವರಿಗೆ ಆಪರೇಷನ್ನಿನ ದಿನ ಹೊಸದಾಗಿ ಹೆಚ್ಚಿನ ಪ್ರಮಾಣದಲ್ಲಿ ಶುರು ಮಾಡುವಂತೆಯೂ ಇಲ್ಲ. 8 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪಾಯ್ಸ್ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಹೃದಯಾಘಾತ ಇಳಿಯಿತು, ಪಾರ್ಶ್ವವಾಯುವೂ ಸಾವೂ ಏರಿದವು. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಗುಂಪಿನದ್ದು ಬೇರೆ ತಕರಾರು. ಬೆಳಿಗ್ಗೆ ಅದನ್ನು ನುಂಗಿ ಬಂದವರ ಬಿಪಿ ಅರಿವಳಿಕೆಯಲ್ಲಿ ಹೆಚ್ಚು ಬೀಳುತ್ತದೆ, ಸಾಮಾನ್ಯ ಸೂಜಿಗೆ ಕೆಲವೊಮ್ಮೆ ಜಗ್ಗುವುದಿಲ್ಲ. 2024ರಲ್ಲಿ ಫ್ರಾನ್ಸಿನಲ್ಲಿ 2,222 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎರಡು ದಿನ ಮುಂಚೆ ನಿಲ್ಲಿಸಿದರೂ ಮುಂದುವರಿಸಿದರೂ ಸಾವು ಮತ್ತು ದೊಡ್ಡ ತೊಡಕುಗಳ ಪ್ರಮಾಣ ಒಂದೇ. ಆದರೆ ಓಟಿಯಲ್ಲಿ ಬಿಪಿ ಬಿದ್ದದ್ದು ಮುಂದುವರಿಸಿದವರಲ್ಲಿ ಹೆಚ್ಚು. ಅದು ಫ್ಲಾಪ್ ರೋಗಿಗಳ ಅಧ್ಯಯನವಲ್ಲ, ಬಗೆಬಗೆಯ ದೊಡ್ಡ ಆಪರೇಷನ್ನುಗಳದು. ಹತ್ತು ತಾಸಿನ ಕೆಲಸಕ್ಕೆ ಕೂರುವವರು ಈ ಗುಳಿಗೆಯನ್ನು ಹಿಂದಿನ ದಿನವೇ ತಡೆಯುವುದು ಜಾಣತನ ಎಂದೇ ನಮಗೆ ತೋರುತ್ತದೆ. ತಡೆಯಲು ಮೊದಲು ಹೆಸರು ಗೊತ್ತಿರಬೇಕಲ್ಲ.

ಇನ್ನು ಆಪರೇಷನ್ನಿನ ನಂತರದ ಮನೆ. ಇದರ ಬಗ್ಗೆ ಯಾರೂ ಹೆಚ್ಚು ಬರೆದಂತಿಲ್ಲ. ಬಾಯಿ ಹೊಲಿದಿರುವುದರಿಂದ ಮೂಗಿನ ನಳಿಗೆಯಲ್ಲಿ ಗಂಜಿ, ಹಾಲು, ಬೇಳೆಯ ತಿಳಿ. ಗುಳಿಗೆಯನ್ನೂ ಕುಟ್ಟಿ ನೀರಿನಲ್ಲಿ ಕಲಸಿ ಅದೇ ನಳಿಗೆಯಲ್ಲಿ ಬಿಡುತ್ತಾರೆ. ಆಮ್ಲೋಡಿಪಿನ್ ಆದರೆ ತೊಂದರೆ ಇಲ್ಲ. ಆದರೆ ದಿನಕ್ಕೊಂದೇ ನುಂಗುವ, ನಿಧಾನವಾಗಿ ಕರಗಲೆಂದೇ ಮಾಡಿದ ಮೆಟೊಪ್ರೊಲಾಲ್, ನಿಫೆಡಿಪಿನ್ ಗುಳಿಗೆಗಳಿವೆ. ಹೆಸರಿನ ಬಾಲಕ್ಕೆ ಎಕ್ಸ್‌ಎಲ್, ಎಸ್‌ಆರ್, ರಿಟಾರ್ಡ್ ಎಂದಿರುತ್ತದೆ. ಅವನ್ನು ಒರಳಿನಲ್ಲಿ ಕುಟ್ಟಿದರೆ ಇಡೀ ದಿನದ ಮದ್ದು ಒಂದೇ ಗಳಿಗೆಗೆ ಇಳಿಯುತ್ತದೆ, ಅಜ್ಜ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಮನೆಯವರು ನಿಶ್ಶಕ್ತಿ ಎಂದುಕೊಂಡು ಸುಮ್ಮನಾಗುತ್ತಾರೆ. ಎರಡನೆಯದು ತೂಕ. ಕ್ಯಾನ್ಸರು, ಆಪರೇಷನ್ನು, ವಿಕಿರಣ ಮೂರೂ ಸೇರಿ ಮೈ ಇಳಿದಾಗ ಹಳೆಯ ಮೈಗೆ ಬರೆದ ಪ್ರಮಾಣ ಹೊಸ ಮೈಗೆ ಹೆಚ್ಚಾಗುತ್ತದೆ. ಕುತ್ತಿಗೆಗೆ ವಿಕಿರಣ ತಗುಲಿದವರಲ್ಲಿ ಬಿಪಿಯನ್ನು ಹದದಲ್ಲಿಡುವ ಶೀರ್ಷನಾಳದ ನರಸಂವೇದನೆಯೇ ಕೆಲವೊಮ್ಮೆ ಕೆಡುತ್ತದೆ. ಮುಂಜಾನೆ 180, ಸಂಜೆ 90 ಎಂಬಂತೆ ಉಯ್ಯಾಲೆಯಾಡುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಹಳೆಯ ಗುಳಿಗೆಗಳನ್ನೇ ಮುಂದುವರಿಸಿ ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಪದ್ಧತಿ ಇಲ್ಲಿ ಅಪಾಯಕಾರಿ. ಗುಳಿಗೆ ಕುಟ್ಟಬಹುದೇ, ಯಾವ ಅಂಕಿಗಿಂತ ಕೆಳಗೆ ಬಿದ್ದರೆ ಅಂದಿನದ್ದು ಬಿಡಬೇಕು ಎಂಬೆರಡು ಮಾತನ್ನು ಕನ್ನಡದಲ್ಲಿ ಬರೆದುಕೊಡಲು ಹೊಸ ಯಂತ್ರವೇನೂ ಬೇಕಿಲ್ಲ.

ಗುಟ್ಕಾದ ಲೆಕ್ಕವನ್ನೂ ಹೇಳದೆ ಬಿಡುವಂತಿಲ್ಲ. 2013ರ ಮೇ ಕೊನೆಯಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಬೀಡಂಗಡಿಗಳು ಅದಕ್ಕೆ ಕಂಡುಕೊಂಡ ಉಪಾಯ ಎಲ್ಲರಿಗೂ ಗೊತ್ತು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ. ಹನ್ನೆರಡು ವರ್ಷ ದಾಟಿದೆ, ಕಾಯ್ದೆ ಗೆದ್ದಿತೆಂದು ಹೇಳಲು ನಾಲಗೆ ಏಳುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳ ಜತೆಗೆ ಬಾಯಿ ಕ್ಯಾನ್ಸರಿನ ತಪಾಸಣೆಯನ್ನೂ ಸೇರಿಸಿಕೊಂಡಿದೆ. ಒಂದೇ ಹೊಸ್ತಿಲಲ್ಲಿ ಒಂದೇ ಕೈ ತೋಳಿಗೆ ಪಟ್ಟಿ ಕಟ್ಟಿ, ಟಾರ್ಚು ಹಿಡಿದು ಗಲ್ಲದ ಸಂದನ್ನೂ ನೋಡುವುದಾದರೆ ಈ ಸಂಪಾದಕೀಯದ ಅರ್ಧ ಭಾಗಕ್ಕೆ ಕೆಲಸವೇ ಉಳಿಯುವುದಿಲ್ಲ. ಬೆಲ್ಲದ ಬಾಗೇವಾಡಿಯ ಮನೆಗಳಿಗೆ ಬರುವ ಆಶಾ ಕಾರ್ಯಕರ್ತೆಯರಲ್ಲಿ ನಮ್ಮದೊಂದು ಕೋರಿಕೆ. ಬಿಪಿಯ ಅಂಕಿ ಬರೆದುಕೊಳ್ಳುವಾಗ ಅದೇ ಚೀಟಿಯ ಹಿಂದೆ ಗುಳಿಗೆಯ ಪೂರ್ತಿ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಎಂಬುದನ್ನೂ ಬರೆಯಿರಿ. ಮೆಡಿಕಲ್ ಅಂಗಡಿಯವರು ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ತುಂಡನ್ನೇ ಗಿರಾಕಿಗೆ ಕೊಡಲಿ.